ಹಾಳೆಯ ಹಿಂಬದಿ

ಜನವರಿ ೧೦, ಬುಧವಾರ

ಇದೊಂದನ್ನು ಬರೆಯದೆ ದಾಟಿಬಿಡುವವಳಿದ್ದೆ: ನಮ್ಮ ಸೆನೆಟರ್ ಆಡ್ರಾ ಕಿನ್ಕೇಡ್ ಪಕ್ಷ ಬಿಡುವ ಹಿಂದಿನ ಸಂಜೆ ನನಗೆ ಫೋನ್ ಮಾಡಿದ್ದರು. ನಾನು ಎತ್ತಲಿಲ್ಲ. ಪಾತ್ರೆ ತೊಳೆಯುತ್ತಿದ್ದೆ, ಕೈಯೆಲ್ಲ ಸೋಪಿನ ನೊರೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಅವರು ಮಾತು ಶುರು ಮಾಡಿದರೆ ಮುಕ್ಕಾಲು ಗಂಟೆ, ಅವತ್ತು ನನಗೆ ಅಷ್ಟು ಸಹನೆ ಇರಲಿಲ್ಲ. ದಿನವಿಡೀ ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷಿಸಿ, ಶ್ರವಣಯಂತ್ರ ಕೂರಿಸಿ ಬಂದವಳಿಗೆ ಸಂಜೆಯಾದರೆ ಯಾರ ದನಿಯೂ ಬೇಡವಾಗಿರುತ್ತದೆ. ಮರುದಿನ ಬೆಳಿಗ್ಗೆ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದೆ.

ಅದು ಡಿಸೆಂಬರ್ ಮೊದಲ ವಾರ. ರಾಜ್ಯದ ಸೆನೆಟ್ಟಿನಲ್ಲಿ ಮೂವತ್ತೊಂದು ಸ್ಥಾನ. ನಮ್ಮವರು ಹದಿನಾರು, ಆ ಕಡೆಯವರು ಹದಿನೈದು. ಆಡ್ರಾ ಎದ್ದು ಆ ಕಡೆ ಹೋಗಿ ಕುಳಿತ ಮೇಲೆ ಎಲ್ಲ ತಿರುವುಮುರುವು. ಕ್ರಿಸ್‌ಮಸ್‌ಗೆ ಮೊದಲೇ ನಮ್ಮೂರು ಪಾಲೊ ಸೆಕೊದ ಆಸ್ಪತ್ರೆಯ ಹೆರಿಗೆ ವಾರ್ಡಿನ ಅನುದಾನ ಒಂದೇ ಒಂದು ಮತದಿಂದ ಬಿದ್ದುಹೋಯಿತು. ಈ ತಿಂಗಳ ಕೊನೆಗೆ ವಾರ್ಡಿಗೆ ಬೀಗ. ಇನ್ನು ಹೆರಲು ಹೋಗುವವರು ಘಟ್ಟ ದಾಟಿ ತೊಂಬತ್ತನಾಲ್ಕು ಮೈಲಿ ಹೋಗಬೇಕು.

ನಾಲ್ಕು ವರ್ಷದ ಹಿಂದೆ ಅವರಿಗೆ ಮತ ಹಾಕಿ ಎಂದು ಈ ಊರಿನ ಬಾಗಿಲು ಬಡಿದವರಲ್ಲಿ ನಾನೂ ಒಬ್ಬಳು. ಅವರು ಆಗ ಶಾಲೆಯ ನರ್ಸ್. ಮಕ್ಕಳ ಕಿವಿ ಪರೀಕ್ಷೆಗೆ ಜೊತೆಗೆ ಓಡಾಡಿದ್ದೆವು. ಆ ಫೋನಿನ ವಿಷಯ ಯಾರಿಗೂ ಹೇಳಿಲ್ಲ. ಹೇಳುವಂಥದ್ದು ಏನಿದೆ ಎಂದೂ ಅನಿಸುತ್ತದೆ. ಅವರು ಏನು ಹೇಳಬೇಕೆಂದಿದ್ದರೋ ನನಗೇ ಗೊತ್ತಿಲ್ಲ.

ಜನವರಿ ೧೪, ಭಾನುವಾರ

ಗಣಿ ಕಾರ್ಮಿಕರ ಸಂಘದ ಹಾಲ್‌ನಲ್ಲಿ ಸಭೆ. ನಲವತ್ತು ಕುರ್ಚಿ ಹಾಕಿದ್ದರು, ಎಪ್ಪತ್ತು ಜನ ಬಂದರು. ನಡೆಸಿದವರು ಹಿಲ್ಡಾ ಬಾರ್ರಿಯೊಸ್. ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ನಾನೂ ಅವರ ಬಸ್ಸಿನಲ್ಲೇ ಬೆಳೆದವಳು, ಈಗಲೂ ಗೌರವದಿಂದ ‘ದೋನ್ಯಾ ಹಿಲ್ಡಾ’ ಎಂದೇ ಕರೆಯುತ್ತೇನೆ. ಅವರು ಈಗಲೂ ಎಲ್ಲರನ್ನೂ ಬಸ್ಸಿನ ಕನ್ನಡಿಯಲ್ಲಿ ನೋಡಿದ ಹಾಗೇ ಮಾತಾಡುತ್ತಾರೆ.

“ಹಿಂದಿನ ಸೀಟಲ್ಲಿ ಗುಸುಗುಸು ಸಾಕು! ಲೈಲ್, ಎದ್ದು ರೂಲ್ಸು ಹೇಳು.”

ಲೈಲ್ ಪ್ರಾಥರ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಮಾತಿಗೂ ವಿದ್ಯುತ್ತಿನ ಹಾಗೆ ಮೀಟರ್ ಇಟ್ಟುಕೊಂಡಿದ್ದಾರೆ. ಸೆನೆಟರನ್ನು ಅವಧಿಗೆ ಮುಂಚೆ ಹಿಂದಕ್ಕೆ ಕರೆಸಲು ಅರ್ಜಿ ಹಾಕಬಹುದು. ಈ ಕ್ಷೇತ್ರದ ಮತದಾರರ ೭,೪೧೬ ಸಹಿ ಬೇಕು. ಏಪ್ರಿಲ್ ಹನ್ನೆರಡರೊಳಗೆ. ಅಷ್ಟು ಸಿಕ್ಕರೆ ಮರುಚುನಾವಣೆ, ಹೊಸ ಸೆನೆಟರ್ ಬಂದರೆ ವಾರ್ಡಿನ ಅನುದಾನ ಮತ್ತೆ ಮತಕ್ಕೆ.

“ಒಂದು ಹಾಳೆಗೆ ಹದಿನೈದು ಸಹಿ. ಮುಂಬದಿ ಜನರದ್ದು, ಹಿಂಬದಿ ನಿಮ್ಮದು. ಹಿಂಬದಿ ಓದಿ. ಅದು ಸುಳ್ಳಾದ್ರೆ ಹಾಳೆ ಪೂರ್ತಿ ರದ್ದು,” ಅಂದರು ಲೈಲ್.

ಹಿಂಬದಿಯಲ್ಲಿ ಅಚ್ಚಾಗಿದ್ದುದು: ಈ ಹಾಳೆಯ ಪ್ರತಿಯೊಂದು ಸಹಿಯೂ ನನ್ನ ಕಣ್ಣೆದುರಿನಲ್ಲೇ ಬಿದ್ದದ್ದು ಎಂದು ಪ್ರಮಾಣ ಮಾಡುತ್ತೇನೆ. ಅದರ ಕೆಳಗೆ ಹಾಳೆ ಹಿಡಿದು ಓಡಾಡಿದವರ ರುಜು, ನೋಟರಿಯ ಮುದ್ರೆ. ಈ ಕೆಲಸಕ್ಕೆಂದೇ ಹಿಲ್ಡಾ ಪರೀಕ್ಷೆ ಕಟ್ಟಿ ನೋಟರಿಯಾಗಿದ್ದಾರೆ. ಮುದ್ರೆಯನ್ನು ಹೊಸ ಒಡವೆಯ ಹಾಗೆ ಎಲ್ಲರಿಗೂ ತೋರಿಸಿದರು.

ಗೆದ್ದು ಬಂದವರನ್ನು ನಡುವೆ ಇಳಿಸುವುದು ಸರಿಯೇ ಎಂದು ನಾನು ಕೇಳಿದೆ.

“ಡ್ರೈವರು ಬೇರೆ ದಾರಿ ಹಿಡಿದ್ರೆ ಕೊನೇ ಸ್ಟಾಪ್‌ವರೆಗೂ ಬಾಯಿ ಮುಚ್ಕೊಂಡು ಕೂತಿರ್ತೀಯೇನೆ ಮೋನಾ?” ಅಂದರು ಹಿಲ್ಡಾ.

ಎಲ್ಲರೂ ನಕ್ಕರು. ನಾನೂ ಹತ್ತು ಖಾಲಿ ಹಾಳೆ ತೆಗೆದುಕೊಂಡು ಬಂದೆ. ಉತ್ತರ ಸಿಕ್ಕಿತು ಅನಿಸಲಿಲ್ಲ.

ಜನವರಿ ೨೦, ಶನಿವಾರ

ಐದು ಗಂಟೆ ಸುತ್ತಿದೆ, ಹನ್ನೊಂದು ಸಹಿ.

ಅರ್ಜಿಯ ಮೇಲೆ ಕಾರಣ ಹೇಳುವ ಇನ್ನೂರು ಪದಗಳಿವೆ. ಪ್ರತಿ ಬಾಗಿಲಲ್ಲೂ ಪೂರ್ತಿ ಓದಿ ಹೇಳಿದೆ. ಗೊತ್ತಿಲ್ಲದ್ದಕ್ಕೆ ಯಾರೂ ಸಹಿ ಹಾಕಬಾರದು. ಒಬ್ಬರು ಗಾಳಿಗೆ ನಡುಗುತ್ತ ನಿಂತು, “ತಾಯೀ, ಬೇಸಿಗೆ ಬರೋದ್ರೊಳಗೆ ಮುಗೀತದಾ ಇದು?” ಅಂದರು.

ಬೆಟ್ಟದ ಬೀದಿಯಲ್ಲಿ ಒಬ್ಬ ನನ್ನನ್ನು ಗುರುತು ಹಿಡಿದ. “ಈಯಮ್ಮಂಗೇ ಓಟು ಹಾಕಿ ಅಂತ ಬಂದಿದ್ದೋರು ನೀವೇ ಅಲ್ವಾ?”

“ಹೌದು.”

“ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದ್ದೀರಾ?”

ಅವತ್ತು ನನಗೆ ಗೊತ್ತಿದ್ದಷ್ಟು ಹೇಳಿದೆ, ಇವತ್ತೂ ಅಷ್ಟೇ ಎಂದೆ. ಅವನು ಸಹಿ ಹಾಕಿದ. ಹಾಕಿ, ಗಣಿಯ ಪಾಳಿಗೆ ಹೋಗಿದ್ದ ಅಣ್ಣನ ಹೆಸರನ್ನೂ ಬರೆಯಲು ಹೋದ. ಹಾಳೆ ಎಳೆದುಕೊಂಡೆ. “ಅವನೇ ಹೇಳಿ ಹೋಗಿದಾನೆ, ಕಣಮ್ಮ!” “ಅವರು ಮನೆಯಲ್ಲಿದ್ದಾಗ ಬರ್ತೀನಿ.” ಬಾಗಿಲು ಮುಖಕ್ಕೆ ಬಡಿಯಿತು. ಸಂಜೆ ಆರಕ್ಕೆ ಮತ್ತೆ ಹೋದೆ. ಅಣ್ಣ ನಗುತ್ತಲೇ ಸಹಿ ಹಾಕಿದರು. ಹನ್ನೊಂದನೆಯದು ಅದು.

ಫೆಬ್ರವರಿ ೩, ಶನಿವಾರ

ಹಿಲ್ಡಾ ಮನೆಯ ಅಡುಗೆಮನೆಯಲ್ಲಿ ನೋಟರಿ. ತುಂಬಿದ ಹಾಳೆ ನಾಲ್ಕು ಕೊಟ್ಟೆ. ಒಂದೊಂದಕ್ಕೂ ಎದ್ದು ನಿಲ್ಲಿಸಿದರು.

“ಬಲಗೈ ಎತ್ತು.”

“ದೋನ್ಯಾ ಹಿಲ್ಡಾ, ಒಂದೇ ಸಲ ಎತ್ತಿದರೆ ನಾಲ್ಕಕ್ಕೂ...”

“ನಾಲ್ಕು ಹಾಳೆ, ನಾಲ್ಕು ಸಲ. ಎತ್ತು. ಎಲ್ಲಾ ನಿನ್ನ ಕಣ್ಣೆದುರಿಗೇ?”

“ನನ್ನ ಕಣ್ಣೆದುರಿಗೇ.”

ಮೊಮ್ಮಗಳು ಯೆಸೇನಿಯಾ ಪಕ್ಕದಲ್ಲಿ ಕುಳಿತು ಕಿತ್ತಳೆ ತಿನ್ನುತ್ತಿದ್ದಳು. ಅವಳಿಗೆ ದಿನ ತುಂಬುವುದು ಏಪ್ರಿಲ್‌ನಲ್ಲಿ. “ಅಜ್ಜಿ, ಚರ್ಚಲ್ಲಿ ಪಾದ್ರಿ ಕೂಡ ಇಷ್ಟು ಏಳಿಸಿ ಕೂರಿಸಲ್ಲ,” ಅಂದಳು.

ವಾರ್ಡು ಬುಧವಾರ ಮುಚ್ಚಿತು. ಕ್ಲಿನಿಕ್ಕಿನ ಕಿಟಕಿಯಿಂದ ಆ ಬದಿ ಕಾಣುತ್ತದೆ. ತೊಟ್ಟಿಲುಗಳನ್ನು ಲಾರಿಗೆ ಏರಿಸುತ್ತಿದ್ದರು. ಆಡ್ರಾ ಅವರಿಗೆ ಇದನ್ನು ಯಾರಾದರೂ ತೋರಿಸಿದ್ದಾರೆಯೇ? ಅವರು ಕೆಟ್ಟವರಲ್ಲ. ನನಗೆ ಗೊತ್ತಿಲ್ಲದ ಕಾರಣವೇನಾದರೂ ಇದ್ದಿರಬಹುದು.

ಫೆಬ್ರವರಿ ೧೮, ಭಾನುವಾರ

ಒಟ್ಟು ೨,೧೪೦. ಲೈಲ್ ಗೋಡೆಯ ಮೇಲೆ ಗೆರೆ ಎಳೆದಿದ್ದಾರೆ. ಹೀಗೇ ಹೋದರೆ ಎರಡು ಸಾವಿರ ಕಡಿಮೆ ಬೀಳುತ್ತದೆ. ನೀನು ಪ್ರತಿ ಬಾಗಿಲಲ್ಲೂ ಬಹಳ ಓದುತ್ತೀಯ ಎಂದರು ನನಗೆ.

ಮಾರ್ಚ್ ೫, ಮಂಗಳವಾರ

ಮಧ್ಯಾಹ್ನ ಎರಡಕ್ಕೆ ಯೆಸೇನಿಯಾಗೆ ನೋವು ಶುರುವಾಯಿತು. ಐದು ವಾರ ಮುಂಚೆ. ನಾನು ಕಾರು ಓಡಿಸಿದೆ, ಹಿಲ್ಡಾ ಹಿಂದೆ ಅವಳ ಜೊತೆ. ಘಟ್ಟದಲ್ಲಿ ಅದಿರಿನ ಲಾರಿ ಮುಂದೆ, ದಾಟಲು ದಾರಿಯಿಲ್ಲ. ಹಿಲ್ಡಾ “ನಿಲ್ಲಿಸು” ಎಂದರು. ನಿಲ್ಲಿಸಿದೆ. ಇನ್ನೂ ಐವತ್ತೆರಡು ಮೈಲಿ ಇತ್ತು.

ಹೆಣ್ಣು. ಅಳಲಿಲ್ಲ. ಮೈ ನೀಲಿ. ಹಿಲ್ಡಾ ತಮ್ಮ ಸ್ವೆಟರಿನಿಂದ ಉಜ್ಜುತ್ತಲೇ ಇದ್ದರು, ಬಸ್ಸಿನಲ್ಲಿ ಮಲಗಿದ ಮಕ್ಕಳನ್ನು ಎಬ್ಬಿಸುತ್ತಿದ್ದ ಅದೇ ದನಿಯಲ್ಲಿ, ಏಳು, ಏಳು, ನಿನ್ನ ಸ್ಟಾಪ್ ಬಂತು ಎನ್ನುತ್ತ.

ನಾನು ಕೇಳುತ್ತ ನಿಂತಿದ್ದೆ. ಎಷ್ಟು ಸಣ್ಣ ಸದ್ದನ್ನಾದರೂ ಹಿಡಿಯುವುದು ನನ್ನ ಕೆಲಸ. ಏನೂ ಇರಲಿಲ್ಲ. ಆಮೇಲೆ ಇತ್ತು.

ಮಾರ್ಚ್ ೯, ಶನಿವಾರ

ಮಗು ನಗರದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಪಾಸ್ ಎಂದು ಹೆಸರಿಟ್ಟಿದ್ದಾರೆ, ಸ್ಪ್ಯಾನಿಷ್‌ನಲ್ಲಿ ಶಾಂತಿ ಎಂದು. ಉಳಿಯುತ್ತದೆ ಎನ್ನುತ್ತಾರೆ.

ಆಡ್ರಾ ನಿನ್ನೆ ಟೀವಿಯಲ್ಲಿದ್ದಳು. ನೀಲಿ ಕೋಟು ಹಾಕಿ, ಜವಾಬ್ದಾರಿಯುತ ಬಜೆಟ್ ಬಗ್ಗೆ ಮಾತಾಡಿದಳು. ನಾನು ಟೀವಿ ಆರಿಸಿ ಹಾಳೆ ತೆಗೆದುಕೊಂಡು ಹೊರಟೆ. ಐವತ್ತೆಂಟು ಸಹಿ.

ಮಾರ್ಚ್ ೧೭, ಭಾನುವಾರ

ಎರಡು ದಿನಕ್ಕೆ ನೂರ ಮೂವತ್ತು. ಈಗ ಓದುವುದಿಲ್ಲ. “ಕಿನ್ಕೇಡನ್ನ ಮನೆಗೆ ಕಳಿಸೋ ಅರ್ಜಿ” ಎಂದರೆ ಸಾಕು, ಜನ ಪೆನ್ನಿಗೆ ಕೈ ಚಾಚುತ್ತಾರೆ. ಒಬ್ಬೊಬ್ಬರಿಗೆ ಇಪ್ಪತ್ತು ಸೆಕೆಂಡು. ಜನವರಿಯಲ್ಲಿ ಎಷ್ಟು ಸಮಯ ಹಾಳು ಮಾಡಿದೆ!

ದಿನಸಿ ಅಂಗಡಿಯ ಮುಂದೆ ಒಬ್ಬ ಹೆಂಗಸು, ಎರಡೂ ಕಡೆ ಕೇಳಿ ಯೋಚಿಸುತ್ತೇನೆ ಎಂದಳು. ಎರಡನೆಯ ಕಡೆ ಘಟ್ಟದ ನಡುವೆ ರಸ್ತೆ ಬದಿಯಲ್ಲಿ ಹುಟ್ಟಿತು, ಹೋಗಿ ಕೇಳಿ ಎಂದೆ. ಮುಖ ಕೆಂಪಗೆ ಮಾಡಿಕೊಂಡು ಸಹಿ ಹಾಕಿದಳು. ಹಿಲ್ಡಾಗೆ ಹೇಳಿದರೆ, “ಭಲೇ ಕಣೇ ಮೋನಾ!” ಅಂದರು. ಖುಷಿಯಾಯಿತು.

ಮಾರ್ಚ್ ೩೦, ಶನಿವಾರ

ಔಷಧಿ ಅಂಗಡಿಯಲ್ಲಿ ಅವಳೇ ಸಿಕ್ಕಳು. ಸಾಲಿನಲ್ಲಿ ನನ್ನ ಹಿಂದೆ. ಕೂದಲು ನೆರೆತಿದೆ, ಬಣ್ಣ ಹಾಕುವುದು ಬಿಟ್ಟಿದ್ದಾಳೆ.

“ಮೋನಾ. ಮಗು ಹೇಗಿದೆ?”

“ಇದೆ.”

“ನಾನು ಡಿಸೆಂಬರಿನಲ್ಲಿ ನಿಮಗೆ ಒಂದು ಸಲ ಫೋನ್...”

“ನನಗೆ ಕೆಲಸ ಇದೆ, ಆಡ್ರಾ. ಸಹಿ ಹಾಕಿಸ್ಬೇಕು.”

ಅವಳ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಹೊರಗೆ ಬಂದ ಮೇಲೆ ಔಷಧಿ ತೆಗೆದುಕೊಳ್ಳದೆ ಬಂದೆ ಎಂದು ನೆನಪಾಯಿತು. ಲೈಲ್‌ಗೆ ಹೇಳಿದರೆ, ಅವಳ ಕೈಗೂ ಒಂದು ಪೆನ್ನು ಕೊಡೋದು ತಾನೆ ಅಂದರು. ಬಿದ್ದು ಬಿದ್ದು ನಕ್ಕೆವು.

ಏಪ್ರಿಲ್ ೬, ಶನಿವಾರ

ಒಳ್ಳೆಯ ದಿನ. ಒಟ್ಟು ೮,೦೦೦ ದಾಟಿದೆ. ಆದರೆ ತಪ್ಪು ವಿಳಾಸ, ಬೇರೆ ಕ್ಷೇತ್ರ ಎಂದು ಚುನಾವಣಾ ಕಚೇರಿಯವರು ಹೊಡೆದುಹಾಕುವುದೇ ಸಾವಿರ ಇರುತ್ತದಂತೆ, ಇನ್ನೂ ಬೇಕು ಎನ್ನುತ್ತಾರೆ ಲೈಲ್. ಬೆಳಿಗ್ಗೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕುಳಿತಿದ್ದೆ, ಕ್ಲಿನಿಕ್ಕಿನಿಂದ ತುರ್ತು ಕರೆ ಬಂತು. ಅಂಗಡಿಯ ಜೋಲೀನ್, “ಹಾಳೆ ಇಲ್ಲೇ ಬಿಟ್ಟುಹೋಗೇ, ಬಟ್ಟೆ ಒಣಗೋವರೆಗೂ ಜನಕ್ಕೇನು ಕೆಲಸ?” ಅಂದಳು. ಮಧ್ಯಾಹ್ನ ಬಂದು ನೋಡಿದರೆ ಹದಿನೈದೂ ತುಂಬಿದೆ. ಎಂಥ ಸಹಾಯ! ಅವಳಿಗೆ ಒಂದು ಪೆಟ್ಟಿಗೆ ತಮಾಲೆ ಕಡುಬು ಕೊಡಬೇಕು.

ಏಪ್ರಿಲ್ ೧೧, ಗುರುವಾರ

ಹಿಲ್ಡಾ ಅಡುಗೆಮನೆಯಲ್ಲಿ ಕೊನೆಯ ಕಂತು. ಮೇಜಿನ ತುಂಬ ಹಾಳೆ, ಬಾಗಿಲಾಚೆಗೂ ಜನರ ಸಾಲು. ನನ್ನವು ಇಪ್ಪತ್ತೊಂದು. ಹಿಲ್ಡಾ ಕೂತಲ್ಲೇ ಮುದ್ರೆ ಒತ್ತುತ್ತಿದ್ದರು, ತಲೆ ಎತ್ತಲಿಲ್ಲ.

“ಎಲ್ಲಾ ಕಣ್ಣೆದುರಿಗೇ ತಾನೆ?”

“ಹೂಂ.”

ಮುಂದಿನವರು ಬಂದರು. ನಾಳೆ ರಾಜಧಾನಿಗೆ ಮೂರು ಕಾರು ಹೊರಡುತ್ತವೆ.

ಏಪ್ರಿಲ್ ೧೨, ಶುಕ್ರವಾರ

ಕೊಟ್ಟೆವು! ೮,೯೩೧. ಒಂಬತ್ತು ಪೆಟ್ಟಿಗೆ. ಹಿಲ್ಡಾ ಮೆಟ್ಟಿಲ ಮೇಲೆ ಕುಳಿತು ಅತ್ತರು.

ಮೇ ೧೭, ಶುಕ್ರವಾರ

ಐದು ವಾರ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ, ಕಾಯುವುದೊಂದೇ.

ಇವತ್ತು ಫಲಿತಾಂಶ ಬಂತು. ಊರ್ಜಿತವಾದ ಸಹಿಗಳು ೭,೪೨೩. ಏಳು ಹೆಚ್ಚು. ಬರೀ ಏಳು! ಸಂಘದ ಹಾಲ್‌ನಲ್ಲಿ ಜನ ಕುರ್ಚಿಯ ಮೇಲೆ ಹತ್ತಿ ಕೂಗಿದರು. ಈ ಎಣಿಕೆಯನ್ನು ಪ್ರಶ್ನಿಸಲು ಅವಳಿಗೆ ಮೇ ಮೂವತ್ತೊಂದರವರೆಗೆ ಸಮಯವಿದೆ. ಅದು ದಾಟಿದರೆ ಯಾರೂ ಅಲ್ಲಾಡಿಸುವಂತಿಲ್ಲ, ಮರುಚುನಾವಣೆ ಖಂಡಿತ. ಹಿಲ್ಡಾ ಪಾಸ್‌ಳನ್ನು ಎತ್ತಿಕೊಂಡು ಬಂದಿದ್ದರು. ಅಷ್ಟು ಗಲಾಟೆಯಲ್ಲೂ ಮಗು ನಿದ್ದೆ ಮಾಡಿತು. ಬಗ್ಗಿ ಅದರ ಕಿವಿಯ ಹತ್ತಿರ ಮೆಲ್ಲಗೆ ಚಿಟಿಕೆ ಹೊಡೆದೆ. ರೆಪ್ಪೆ ಅದುರಿತು. ಚೆನ್ನಾಗಿ ಕೇಳಿಸುತ್ತಿದೆ.

ಮೇ ೨೨, ಬುಧವಾರ

ದೋನ್ ಕ್ಲೆಮೆಂತೆ ಪರೀಕ್ಷೆಗೆ ಬಂದಿದ್ದರು. ಎಂಬತ್ತೆರಡು ವರ್ಷ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಬೆರಳು ಎತ್ತಿ ಎಂದೆ. ನಾನು ಸದ್ದು ಕೊಡದಿದ್ದಾಗಲೂ ಅವರು ಎತ್ತುತ್ತಿದ್ದರು.

“ಕೇಳಿಸದೇ ಇದ್ದಾಗ ಎತ್ತಬೇಡಿ, ದೋನ್ ಕ್ಲೆಮೆಂತೆ.”

“ಎತ್ತಿದ್ರೆ ನಿಮಗೆ ಖುಷಿ ಆಗ್ತದೆ ಅಂದ್ಕೊಂಡೆ, ಮಗಳೇ.”

“ನನ್ನ ಖುಷಿಗಲ್ಲ ಇದು. ತಪ್ಪು ಬರೆದುಕೊಂಡ್ರೆ ಯಂತ್ರ ತಪ್ಪಾಗಿ ಕೂರುತ್ತೆ.”

ಅವರು ನಕ್ಕರು. ಎದ್ದು ಹೋಗುವಾಗ ಹೇಳಿದರು: “ನಿಮ್ಮ ಆ ಕಾಗದಕ್ಕೂ ಹಂಗೇ ಮಾಡ್ದೆ. ಬಟ್ಟೆ ಒಗೆಯೋಕೆ ಹೋಗಿದ್ನಲ್ಲ, ಅಲ್ಲಿ ನೀವಿರಲಿಲ್ಲ. ನಂದು ಹಾಕಿ ಹೆಂಡ್ತಿ ಅಮಾಲಿಯಾದೂ ನಾನೇ ಹಾಕ್ದೆ. ಅವಳು ಹಾಸಿಗೆ ಬಿಟ್ಟು ಏಳಲ್ವಲ್ಲ. ಖುಷಿಯಾಯ್ತಾ?”

ಏನು ಹೇಳಿದೆನೋ ನೆನಪಿಲ್ಲ. ಮುಂದಿನ ರೋಗಿ ಹೊರಗೆ ಕಾಯುತ್ತಿದ್ದರು. ನಾನು ಗಾಜಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತೆ.

ಏಪ್ರಿಲ್ ಆರರ ಪುಟವನ್ನು ಈಗ ತೆಗೆದು ಓದಿದೆ. ‘ಒಳ್ಳೆಯ ದಿನ’ ಎಂದು ಬರೆದಿದ್ದೇನೆ. ಅಕ್ಷರ ನನ್ನದೇ.

ಮೇ ೨೩, ಗುರುವಾರ

ಊಟದ ಬಿಡುವಿನಲ್ಲಿ ಲೈಲ್ ಮನೆಗೆ ಹೋದೆ. ಕಚೇರಿಯವರು ಗುರುತು ಹಾಕಿ ಕಳಿಸಿದ ಪ್ರತಿಗಳೆಲ್ಲ ಅವರ ಬಳಿ ಇವೆ. ನನ್ನ ಆ ಹಾಳೆ ಸಿಕ್ಕಿತು. ಹದಿನೈದರಲ್ಲಿ ಎರಡು ಹೊಡೆದಿದ್ದಾರೆ, ಹದಿಮೂರು ಊರ್ಜಿತ. ಏಳನೆಯ ಸಾಲಿನಲ್ಲಿ ಕ್ಲೆಮೆಂತೆ, ಎಂಟನೆಯದರಲ್ಲಿ ಅಮಾಲಿಯಾ. ಎರಡಕ್ಕೂ ಒಂದೇ ಬಾಗು. ಹಿಂಬದಿಯಲ್ಲಿ ನನ್ನ ರುಜು, ನೇರ, ಸ್ಪಷ್ಟ.

ಎಲ್ಲ ಹೇಳಿದೆ. ಲೈಲ್ ಕನ್ನಡಕ ತೆಗೆದು ಒರೆಸಿದರು.

“ಒಂದು ಸಹಿ ಹೋದ್ರೆ ಆರು ಉಳೀತವೆ. ಗೆದ್ದೇ ಇದೀವಿ.”

“ಒಂದಲ್ಲ ಲೈಲ್. ನಾನು ಒಂದನ್ನೂ ನೋಡಿಲ್ಲ. ಪ್ರಮಾಣ ಸುಳ್ಳಾದ್ರೆ ಹಾಳೆ ಪೂರ್ತಿ ಹೋಗುತ್ತೆ. ರೂಲ್ಸು ಹೇಳಿದ್ದು ನೀವೇ.”

ಏಳು ಹೆಚ್ಚಿನಲ್ಲಿ ಹದಿಮೂರು ಕಳೆಯುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

“ಉಳಿದವರೆಲ್ಲ ನಿಜವಾದ ಜನ. ನಿಜವಾಗಿ ಸಹಿ ಹಾಕಿದಾರೆ.”

“ಹಾಕಿರಬಹುದು. ನನಗೆ ಗೊತ್ತಿಲ್ಲ.”

ಲೈಲ್ ಕನ್ನಡಕ ಮತ್ತೆ ಹಾಕಿಕೊಂಡು, “ಹೇಳ್ಲೇಬೇಕು ಅಂದ್ರೆ ಕಚೇರಿಗೆ ಕಾಗದ ಬರಿ. ಜೂನ್‌ನಲ್ಲಿ ಅಂಚೆಗೆ ಹಾಕು. ಅದೇನು ಹಾಲಲ್ಲ, ಕೆಟ್ಟುಹೋಗಲ್ಲ,” ಅಂದರು.

ಮೂವತ್ತೊಂದು ದಾಟಿದ ಮೇಲೆ. ಹೇಳಿದ ಹಾಗೂ ಆಗುತ್ತದೆ, ಗೆದ್ದ ಹಾಗೂ ಆಗುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ಅದು ನನಗೆ ಬಹಳ ಹಿಡಿಸಿತು. ಬರೆದಿಡುತ್ತಿದ್ದೇನೆ, ಎಷ್ಟು ಹಿಡಿಸಿತು ಎಂದು.

ಮೇ ೨೫, ಶನಿವಾರ

ಹಿಲ್ಡಾಗೆ ನಾನೇ ಹೇಳಬೇಕಿತ್ತು. ಬೆಳಿಗ್ಗೆ ಹೋದೆ. ಪಾಸ್ ಅವರ ಭುಜದ ಮೇಲೆ ಮಲಗಿತ್ತು. ಕೇಳುತ್ತ ಕೇಳುತ್ತ ಅವರು ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದರು.

“ಯಾರಾದ್ರೂ ಬಂದು ಕೇಳಿದ್ರಾ ನಿನ್ನ?”

“ಇಲ್ಲ.”

“ಮತ್ತೆ?”

ನಾನು ಮಗುವಿನ ಕಡೆ ನೋಡಿದೆ.

“ಇದು ಎಲ್ಲಿ ಹುಟ್ತು ಅಂತ ನಿಂಗೆ ಗೊತ್ತು. ಕಾರು ಓಡಿಸಿದೋಳು ನೀನು. ಇನ್ನೊಂದು ಹುಡುಗಿ ಅದೇ ರಸ್ತೇಲಿ, ಇಂಥದ್ದೇ ಮಗೂನ ಕೈಲಿ ಹಿಡ್ಕೊಂಡು, ಅದು ಅಳದೇ ಇದ್ರೆ? ಅವಳ ಮುಂದೆ ನಿಂತು ಹೇಳ್ತೀಯಾ ನಿನ್ನ ಹಾಳೆ ಕಥೆ?”

“ಹೇಳೋಕೆ ಆಗಲ್ಲ, ದೋನ್ಯಾ ಹಿಲ್ಡಾ.”

“ಆದ್ರೂ ಕಳಿಸ್ತೀಯಾ.”

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಬೇರೆಯೇ ದನಿಯಲ್ಲಿ, “ಅವತ್ತು ನಿನ್ನ ಎದ್ದು ನಿಲ್ಲಿಸಲಿಲ್ಲ ನಾನು. ಕೈ ಎತ್ತಿಸಲಿಲ್ಲ. ಎತ್ತಿಸಿದ್ರೆ ಹೇಳ್ತಿದ್ಯಾ?” ಅಂದರು.

ಹೌದು ಎಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು.

“ಇಲ್ಲ. ಎತ್ತಿಬಿಡ್ತಿದ್ದೆ.”

“ಹೋಗು, ಮೋನಾ. ಮಗು ಏಳುತ್ತೆ.”

ಯೆಸೇನಿಯಾ ಬಾಗಿಲವರೆಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಹಿಂದೆ ಬಾಗಿಲು ಹಾಕಿದಳು, ಸದ್ದಾಗದ ಹಾಗೆ.

ಮೇ ೨೬, ಭಾನುವಾರ

ಕಾಗದ ಬರೆದೆ, ಚುನಾವಣಾ ಕಚೇರಿಗೆ. ಒಂದು ಪುಟವೂ ಆಗಲಿಲ್ಲ. ಮೊದಲ ಸಲ ‘ಅರಿವಿಲ್ಲದೆ’ ಎಂದು ಬರೆದಿದ್ದೆ. ಅದನ್ನು ಹೊಡೆದೆ. ಎರಡನೆಯ ಸಲ ‘ಕೆಲಸದ ಒತ್ತಡದಲ್ಲಿ’ ಎಂದಿತ್ತು. ಅದನ್ನೂ ಹೊಡೆದೆ. ಮೂರನೆಯ ಸಲ ಉಳಿದದ್ದು ಹಾಳೆಯ ಸಂಖ್ಯೆ, ತಾರೀಖು, ಮತ್ತು ಒಂದು ವಾಕ್ಯ: ಈ ಸಹಿಗಳು ಬಿದ್ದಾಗ ನಾನು ಅಲ್ಲಿರಲಿಲ್ಲ, ಇದ್ದೆನೆಂದು ಪ್ರಮಾಣ ಮಾಡಿದ್ದೇನೆ. ನೋಟರಿಗೆ ಈ ವಿಷಯ ತಿಳಿದಿರಲಿಲ್ಲ ಎಂದೂ ಸೇರಿಸಿದೆ. ಸುಳ್ಳು ಪ್ರಮಾಣಕ್ಕೆ ಶಿಕ್ಷೆಯಿದೆ, ಕ್ಲಿನಿಕ್ಕಿನ ಪರವಾನಗಿಗೂ ತೊಂದರೆಯಾಗಬಹುದು. ಅದಕ್ಕಿಂತ ಹೆಚ್ಚಾಗಿ, ನಾಳೆಯಿಂದ ಈ ಊರಿನಲ್ಲಿ ರೊಟ್ಟಿ ಕೊಳ್ಳಲು ಹೋಗುವುದು ಹೇಗೆ ಎಂದು ಯೋಚಿಸಿದೆ.

ಇದರ ಒಂದು ಪ್ರತಿಯನ್ನು ಆಡ್ರಾ ಕಿನ್ಕೇಡ್ ಅವರಿಗೂ ಕಳಿಸಬೇಕು. ಪ್ರಶ್ನಿಸುವ ಹಕ್ಕು ಅವರದು. ಅವರು ಉಳಿದುಕೊಳ್ಳುತ್ತಾರೆ. ವಾರ್ಡಿನ ಬೀಗವೂ ಉಳಿಯುತ್ತದೆ. ನಾನು ಸರಿ ಮಾಡುತ್ತಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಬರೆಯುವುದಿಲ್ಲ. ಲಕೋಟೆಗಳ ಮೇಲೆ ವಿಳಾಸ ಬರೆದು ಅಂಟಿಸಿದೆ.

ನಾಳೆ ಸೈನಿಕರ ಸ್ಮರಣೆಯ ರಜೆ, ಅಂಚೆ ಕಚೇರಿ ಇಲ್ಲ. ಕೈಯಿಂದ ಕೈಗೆ ಕೊಟ್ಟು ರಸೀದಿ ಪಡೆಯಬೇಕು, ಡಬ್ಬಕ್ಕೆ ಹಾಕುವುದಲ್ಲ. ಕಿಟಕಿ ತೆರೆಯುವುದು ಒಂಬತ್ತಕ್ಕೆ. ಮಂಗಳವಾರ, ಮೇ ೨೮.